ಲಾಲ್‌ಬಾಗಿನ ಲೆಕ್ಕಕ್ಕೆ ಸಿಗದ ನಿವಾಸಿಗಳು

ಬೇಸಿಗೆಯ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಲಾಲ್‌ಬಾಗಿನ ಬಂಡೆಯ ಮೇಲೆ ಎರಡು ಬಗೆಯ ಜೀವಿಗಳು ವ್ಯಾಯಾಮ ಮಾಡುತ್ತಿರುತ್ತವೆ. ಒಂದು, ಬಸವನಗುಡಿ, ಜಯನಗರ, ವಿಲ್ಸನ್ ಗಾರ್ಡನ್ ಕಡೆಗಳಿಂದ ವಾಯುವಿಹಾರಕ್ಕೆ ಬಂದ ನಾಗರಿಕರು. ಇನ್ನೊಂದು, ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಕಲ್ಲಿನ ಅಂಚಿಗೆ ಅಂಟಿಕೊಂಡು, ಮುಂಗಾಲುಗಳನ್ನು ಊರಿ ದಂಡ ಹೊಡೆಯುತ್ತಿರುವ ಬಂಡೆ ಓತಿ. ನಾಗರಿಕರ ಉದ್ದೇಶ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು. ಓತಿಯ ಉದ್ದೇಶ ಇನ್ನೂ ಗಹನವಾದದ್ದು: ಈ ಕಲ್ಲು ನನ್ನದು, ಹತ್ತಿರ ಬರಬೇಡ ಎಂದು ಪಕ್ಕದ ಗಂಡು ಓತಿಗೆ ಸಾರುವುದು. ಇಬ್ಬರೂ ಒಬ್ಬರನ್ನೊಬ್ಬರು ಗಮನಿಸುವುದಿಲ್ಲ ಎಂದರೆ ಅರ್ಧ ಸತ್ಯ. ಓತಿ ನಮ್ಮನ್ನು ಸದಾ ಗಮನಿಸುತ್ತಿರುತ್ತದೆ. ಗಮನಿಸದಿರುವವರು ನಾವು.

ಲಾಲ್‌ಬಾಗ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು 1760ರಲ್ಲಿ ಅದಕ್ಕೆ ಅಡಿಪಾಯ ಹಾಕಿದ ಹೈದರಾಲಿ, 1889ರ ಗಾಜಿನ ಮನೆ, ಕೆಂಪೇಗೌಡ ಗೋಪುರ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನ. 240 ಎಕರೆ ವಿಸ್ತಾರದ ಈ ತೋಟದಲ್ಲಿ ದೇಶವಿದೇಶಗಳಿಂದ ತಂದು ನೆಟ್ಟ ಮರಗಳಿಗೆ ಹೆಸರಿನ ಫಲಕಗಳಿವೆ. ಬಂಡೆಗೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಫಲಕವಿದೆ. ಆದರೆ ಆ ಬಂಡೆಯ ಮೇಲೆ ಸಂಸಾರ ಹೂಡಿರುವ ಓತಿಯ ಹೆಸರನ್ನು, ಕೆರೆಯಂಚಿನಲ್ಲಿ ಚಿಮ್ಮುವ ಕಪ್ಪೆಯ ಹೆಸರನ್ನು, ತರಗೆಲೆಯಡಿ ಸರಕ್ಕನೆ ಸರಿದುಹೋಗುವ ಹಾವುರಾಣಿಯ ಹೆಸರನ್ನು ಕೇಳಿದರೆ ಹೇಳುವವರು ವಿರಳ. ನೆಟ್ಟು ಬೆಳೆಸಿದ್ದನ್ನೆಲ್ಲ ಎಣಿಸಿದ್ದೇವೆ. ತಾವಾಗಿಯೇ ಉಳಿದುಕೊಂಡವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಈ ಮರೆವು ನಿರುಪದ್ರವಿಯಾದುದೇನಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೆ ಲಾಲ್‌ಬಾಗಿನ ಅಂಚಿನ ಒಂದಷ್ಟು ಜಾಗ ಬೇಕಾಗಬಹುದೆಂಬ ಸುದ್ದಿ 2025ರಲ್ಲಿ ಹೊರಬಿದ್ದಾಗ ನಗರ ಒಮ್ಮೆಗೇ ಎಚ್ಚೆತ್ತಿತು. ಪ್ರತಿಭಟನೆಗಳು ನಡೆದವು. ಮರಗಳ ಬಗ್ಗೆ, ಬಂಡೆಯ ಪ್ರಾಚೀನತೆಯ ಬಗ್ಗೆ, ಅಂತರ್ಜಲದ ಬಗ್ಗೆ ಮಾತುಗಳು ಕೇಳಿಬಂದವು. ಅವೆಲ್ಲವೂ ಬೇಕಾದ ಮಾತುಗಳೇ. ಆದರೆ ಒಂದು ಉದ್ಯಾನವನ್ನು ಉಳಿಸುವುದೆಂದರೆ ಅದರ ಗಡಿಯನ್ನು ಉಳಿಸುವುದು ಮಾತ್ರವೇ? ಗಡಿಯೊಳಗಿನ ಒಂದು ಗುಲಗಂಜಿಯಷ್ಟು ಜಾಗವೂ ಕೈಬಿಡದೆ, ಒಂದು ಮರವೂ ಉರುಳದೆ, ಒಳಗಿನ ಜೀವಲೋಕ ಮಾತ್ರ ಸದ್ದಿಲ್ಲದೆ ಖಾಲಿಯಾಗಲು ಸಾಧ್ಯವಿದೆ. ಹಾಗೆ ಖಾಲಿಯಾಗುವಾಗ ಮೊದಲು ಹೊರಡುವವರು ಕಪ್ಪೆಗಳು ಮತ್ತು ಸರೀಸೃಪಗಳು. ಅವುಗಳ ನಿರ್ಗಮನಕ್ಕೆ ಯಾರೂ ಮೆರವಣಿಗೆ ತೆಗೆಯುವುದಿಲ್ಲ.

ಬಂಡೆಯ ಬಾಡಿಗೆದಾರ

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ದಕ್ಷಿಣ ಭಾರತದ ನೆಲಗಟ್ಟಿನ ಬಹುಭಾಗವನ್ನು ಕಟ್ಟಿರುವ ಪೆನಿನ್ಸುಲರ್ ನೈಸ್ ಎಂಬ ಶಿಲೆಯ ಮಾದರಿ ಇದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಗೌರವ ಇದಕ್ಕೆ ಸಂದಿದೆ. ಹೂವಿನ ತೋಟಕ್ಕಿಂತ, ಕೆಂಪೇಗೌಡರಿಗಿಂತ, ಮನುಷ್ಯ ಜಾತಿಗಿಂತ, ಅಷ್ಟೇಕೆ, ಮೊದಲ ಸರೀಸೃಪಕ್ಕಿಂತಲೂ ಎಷ್ಟೋ ಪಾಲು ಹಿರಿದಾದ ಈ ಕಲ್ಲನ್ನು ನಾವು ಸ್ಮಾರಕವೆಂದು ಕರೆಯುತ್ತೇವೆ. ಓತಿಗೆ ಅದು ಮನೆ, ಮಾರುಕಟ್ಟೆ ಮತ್ತು ಮದುವೆ ಮಂಟಪ.

ಬಂಡೆ ಓತಿಯ ಹೆಣ್ಣು ಕಲ್ಲಿನದೇ ಬಣ್ಣ. ಕಣ್ಣೆದುರಿಗೇ ಇದ್ದರೂ ಕಾಣುವುದಿಲ್ಲ. ಗಂಡು ಹಾಗಲ್ಲ. ಅದರ ಬಣ್ಣಗಾರಿಕೆ ವಿಜ್ಞಾನಿಗಳನ್ನೇ ಬೆರಗುಗೊಳಿಸಿದೆ. ಹೆಣ್ಣನ್ನು ಒಲಿಸಿಕೊಳ್ಳುವಾಗ ಬೆನ್ನು ಕೆಂಪಾಗುತ್ತದೆ, ಪಕ್ಕೆಗಳು ಕಪ್ಪಾಗುತ್ತವೆ. ಎದುರಾಳಿ ಗಂಡು ಬಂದರೆ ಬೆನ್ನು ಹಳದಿಗೆ, ಪಕ್ಕೆ ಕಿತ್ತಳೆಗೆ ತಿರುಗುತ್ತದೆ. ಈ ಬದಲಾವಣೆಗೆ ಹೆಚ್ಚು ಹೊತ್ತು ಬೇಡ. ಬಣ್ಣ ಬದಲಿಸುವವರನ್ನು ನಾವು ಗೋಸುಂಬೆ ಎಂದು ಜರೆಯುತ್ತೇವೆ. ಆದರೆ ಓತಿಯ ಬಣ್ಣದಲ್ಲಿ ವಂಚನೆಯಿಲ್ಲ. ತನ್ನ ಮನಸ್ಸಿನಲ್ಲಿರುವುದನ್ನು ಮೈಮೇಲೆ ಬರೆದುಕೊಳ್ಳುವ ಪ್ರಾಮಾಣಿಕತೆ ಅದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಮರಿಯಾ ಥಾಕರ್ ಮತ್ತು ಅವರ ಸಹೋದ್ಯೋಗಿಗಳು ಈ ಓತಿಗಳನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಹಳ್ಳಿಗಾಡಿನ ಓತಿಗಳಿಗಿಂತ ನಗರದ ಅಂಚಿನ ಓತಿಗಳು ಅಪಾಯ ಎದುರಾದಾಗ ಯಾವ ಬಿಲ ಸುರಕ್ಷಿತ ಎಂಬುದನ್ನು ಬೇಗ ಕಲಿಯುತ್ತವೆ ಎಂಬುದು ಅವರ ಒಂದು ಮುಖ್ಯ ಶೋಧ. ನಗರದೊಳಗೆ ಸೇರಿದ ಓತಿಗಳ ಆಹಾರದಲ್ಲೂ ನಡವಳಿಕೆಯಲ್ಲೂ ವ್ಯತ್ಯಾಸಗಳು ಕಂಡಿವೆ. ಇನ್ನೊಂದು ಅಧ್ಯಯನವಂತೂ ಮನ ತಟ್ಟುವಂಥದು. ಕಾಂಕ್ರೀಟಿನ ನಡುವೆ ಬದುಕುವ ಓತಿಗಳು ರಾತ್ರಿ ಮಲಗಲು ಆದಷ್ಟೂ ತಮ್ಮ ಹಳೆಯ ಬಂಡೆಯನ್ನೇ ಹೋಲುವ ಒರಟು ಜಾಗಗಳನ್ನು ಹುಡುಕಿಕೊಳ್ಳುತ್ತವೆ. ಊರು ಬಿಟ್ಟು ಬಂದು ಮಹಾನಗರದ ಒಂದು ಕೋಣೆಯ ಮನೆಯಲ್ಲೂ ತುಳಸಿ ಕುಂಡ ಇಟ್ಟುಕೊಳ್ಳುವ ನಮ್ಮಂಥವರಿಗೆ ಇದು ಅರ್ಥವಾಗದ ಸಂಗತಿಯಲ್ಲ.

ಇದರಿಂದ ಒಂದು ತಪ್ಪು ಪಾಠವನ್ನು ಕಲಿಯುವ ಅಪಾಯವೂ ಇದೆ. ಓತಿಗಳು ಹೇಗೋ ಹೊಂದಿಕೊಳ್ಳುತ್ತವೆ, ನಾವು ಚಿಂತಿಸಬೇಕಿಲ್ಲ ಎಂಬುದೇ ಆ ಪಾಠ. ಹೊಂದಿಕೊಳ್ಳುವ ಶಕ್ತಿಗೂ ಮಿತಿಯಿದೆ. ಬಿಸಿಲಿಗೆ ಬಯಲು ಕಲ್ಲು, ನೆರಳಿಗೆ ಬಿರುಕು, ಮೊಟ್ಟೆಗೆ ಸಡಿಲ ಮಣ್ಣು, ಹೊಟ್ಟೆಗೆ ಇರುವೆ ಮತ್ತು ಹುಳು. ಇವು ನಾಲ್ಕೂ ಕೂಗಳತೆಯಲ್ಲಿದ್ದರೆ ಮಾತ್ರ ಓತಿಯ ಸಂಸಾರ ನಡೆಯುತ್ತದೆ. ಬಂಡೆಯ ಬಿರುಕಿಗೆ ಸಿಮೆಂಟು ಮೆತ್ತಿ, ಸುತ್ತ ಕಲ್ಲುಹಾಸು ಹಾಸಿ, ನೆಲಕ್ಕೆ ಕೀಟನಾಶಕ ಸಿಂಪಡಿಸಿದರೆ ಸ್ಮಾರಕ ಉಳಿಯುತ್ತದೆ, ಬಾಡಿಗೆದಾರ ಉಳಿಯುವುದಿಲ್ಲ.

ಗೇಟು ಮುಚ್ಚಿದ ಮೇಲಿನ ಸಂಗೀತ

ಓತಿಯದು ಹಗಲಿನ ಲೋಕವಾದರೆ ಕಪ್ಪೆಯದು ರಾತ್ರಿಯದು. ಸಂಜೆ ತೋಟದ ಗೇಟುಗಳು ಮುಚ್ಚಿದ ಮೇಲೆ, ಅದರಲ್ಲೂ ಭರಣಿ ಮಳೆ ಮೊದಲ ಬಾರಿಗೆ ಹದವಾಗಿ ಸುರಿದ ರಾತ್ರಿ, ಅದರ ಕಛೇರಿ ಶುರುವಾಗುತ್ತದೆ. ತಿಂಗಳುಗಟ್ಟಲೆ ಮಣ್ಣಿನೊಳಗೆ, ಕೊಳೆತ ಮರದಡಿ, ಗೆದ್ದಲ ಹುತ್ತದ ಬುಡದಲ್ಲಿ ಅಡಗಿದ್ದ ಜೀವಗಳು ಒಂದೇ ಸಂಜೆಯಲ್ಲಿ ಹೊರಬರುತ್ತವೆ.

ಬೆಂಗಳೂರಿನ ತೋಟಗಳಲ್ಲಿ, ಕೆರೆಯಂಚುಗಳಲ್ಲಿ ಕಾಣುವ ಕಪ್ಪೆಗಳ ಬದುಕಿನ ವೈವಿಧ್ಯ ದೊಡ್ಡದು. ಮೈತುಂಬ ಗಂಟುಗಳ ನೆಲಗಪ್ಪೆ ನೀರಿನಲ್ಲಿ ಕಪ್ಪು ಮಣಿಸರದಂತೆ ಮೊಟ್ಟೆಗಳ ಉದ್ದನೆಯ ಎಳೆಗಳನ್ನು ಇಡುತ್ತದೆ. ಮರಗಪ್ಪೆ ನೀರಿನ ಮೇಲ್ಗಡೆ ಕೊಂಬೆಗೋ ಗೋಡೆಗೋ ನೊರೆಯ ಗೂಡು ಕಟ್ಟಿ ಅದರೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ನೊರೆಯಿಂದ ಜಾರಿ ನೇರ ನೀರಿಗೆ ಬೀಳುತ್ತವೆ. ಹೆಬ್ಬೆರಳ ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಕಿರುಬಾಯಿ ಕಪ್ಪೆಯ ಗೊದಮೊಟ್ಟೆಗಳು ಗಾಜಿನಂತೆ ಪಾರದರ್ಶಕ. ಬೆಲೂನಿನಂತೆ ಉಬ್ಬುವ ಬಿಲಗಪ್ಪೆ ವರ್ಷದ ಬಹುಪಾಲು ಮಣ್ಣಿನಡಿಯಲ್ಲೇ ಇದ್ದು ಗೆದ್ದಲು ಇರುವೆಗಳನ್ನು ತಿಂದು ಬದುಕುತ್ತದೆ. ಇವುಗಳಲ್ಲೆಲ್ಲ ದೊಡ್ಡದಾದ ಗೂಳಿಗಪ್ಪೆಯ ಗಂಡು ಮಳೆಗಾಲದಲ್ಲಿ ನಿಂಬೆ ಹಳದಿಗೆ ತಿರುಗಿ, ಕೆನ್ನೆಯ ಎರಡು ಬದಿಗೂ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತದೆ. ಒಂದು ಕಾಲಕ್ಕೆ ಇದರ ತೊಡೆಯ ಮಾಂಸ ವಿದೇಶಗಳಿಗೆ ರಫ್ತಾಗುತ್ತಿತ್ತು. ಗದ್ದೆಗಳಿಂದ ಕಪ್ಪೆಗಳು ಬರಿದಾಗುವ ಭೀತಿಯ ನಡುವೆ ಭಾರತ 1987ರಲ್ಲಿ ಆ ರಫ್ತನ್ನು ನಿಷೇಧಿಸಿತು.

ಈ ಲೋಕದ ಬಗೆಗಿನ ನಮ್ಮ ತಿಳಿವಳಿಕೆ ಎಷ್ಟು ಅಪೂರ್ಣವೆಂಬುದಕ್ಕೆ ಒಂದು ಉದಾಹರಣೆ ಸಾಕು. ಬೆಂಗಳೂರಿನ ಹೊರವಲಯದ ರಾಜಾನುಕುಂಟೆ ಬಳಿ ಸಿಕ್ಕ ಬಿಲಗಪ್ಪೆಯೊಂದು ವಿಜ್ಞಾನಕ್ಕೇ ಹೊಸದೆಂದು 2020ರಲ್ಲಿ ತಿಳಿದುಬಂತು. ಅದಕ್ಕೆ ಸ್ಫೇರೊಥೀಕಾ ಬೆಂಗಳೂರು ಎಂದು ನಗರದ ಹೆಸರನ್ನೇ ಇಡಲಾಯಿತು. ಹಿಮಾಲಯದ ದುರ್ಗಮ ಕಣಿವೆಯಲ್ಲೋ ಅಗುಂಬೆಯ ದಟ್ಟಡವಿಯಲ್ಲೋ ಸಿಕ್ಕಿದ್ದರೆ ಆಶ್ಚರ್ಯವಿರಲಿಲ್ಲ. ನಿವೇಶನಗಳಿಗೆಂದು ಕಲ್ಲು ನೆಟ್ಟ ನೆಲದಲ್ಲಿ, ಸಾಫ್ಟ್‌ವೇರ್ ರಾಜಧಾನಿಯ ಮಗ್ಗುಲಲ್ಲಿ, ಹೆಸರಿಲ್ಲದ ಜೀವವೊಂದು ಇಷ್ಟು ಕಾಲ ನಮ್ಮೊಂದಿಗೆ ಬಾಳುತ್ತಿತ್ತು.

ಕನ್ನಡನಾಡಿಗೆ ಕಪ್ಪೆಗಳ ಅಧ್ಯಯನ ಹೊಸದೇನಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್.ಕೆ. ಸೈದಾಪುರ ಮತ್ತು ಸಂಗಡಿಗರು ದಶಕಗಳ ಕಾಲ ಕಪ್ಪೆಗಳ ಸಂತಾನೋತ್ಪತ್ತಿಯನ್ನು, ಗೊದಮೊಟ್ಟೆಗಳ ವರ್ತನೆಯನ್ನು ಶೋಧಿಸಿದರು. ನೆಲಗಪ್ಪೆಯ ಗೊದಮೊಟ್ಟೆಗಳು ತಮ್ಮ ಒಡಹುಟ್ಟಿದವರನ್ನು ಗುರುತಿಸಿ ಅವರ ಜೊತೆಗೇ ಇರಲು ಬಯಸುತ್ತವೆ ಎಂಬುದು ಅಲ್ಲಿ ಕಂಡುಕೊಂಡ ಸಂಗತಿಗಳಲ್ಲೊಂದು. ನಾವು ಕೊಚ್ಚೆಯೆಂದು ದಾಟಿಹೋಗುವ ಗುಂಡಿಯಲ್ಲಿ ಅಣ್ಣತಮ್ಮಂದಿರ ಗುರುತು ಹಿಡಿಯುವಷ್ಟು ಸೂಕ್ಷ್ಮವಾದ ಬದುಕು ನಡೆಯುತ್ತಿರುತ್ತದೆ.

ಕಪ್ಪೆಗಳು ಮೊದಲು ಹೊರಡುತ್ತವೆ ಎಂದುದಕ್ಕೆ ಕಾರಣ ಅವುಗಳ ಚರ್ಮ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ನೀರನ್ನು ಹೀರಿಕೊಳ್ಳುತ್ತದೆ. ನೀರಿಗೆ, ಮಣ್ಣಿಗೆ ನಾವು ಬೆರೆಸಿದ ವಿಷ ಅದರ ಮೈಗೆ ನೇರವಾಗಿ ಇಳಿಯುತ್ತದೆ. ಮೇಲಾಗಿ ಬಾಲ್ಯ ನೀರಿನಲ್ಲಿ, ಪ್ರಾಯ ನೆಲದಲ್ಲಿ. ಎರಡರಲ್ಲಿ ಯಾವುದು ಕೆಟ್ಟರೂ ಬದುಕು ಕೆಟ್ಟಿತು. 2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯವಾಸಿಗಳಲ್ಲಿ ಸುಮಾರು ಶೇ 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ. ಸರೀಸೃಪಗಳಲ್ಲಿ ಈ ಪ್ರಮಾಣ ಸುಮಾರು ಶೇ 21 ಎಂದು 2022ರ ಮೌಲ್ಯಮಾಪನ ಹೇಳಿತು. ಲಾಲ್‌ಬಾಗಿನ ನೆಲಗಪ್ಪೆ ಇಂದು ಆ ಪಟ್ಟಿಯಲ್ಲಿಲ್ಲ, ನಿಜ. ಆದರೆ ಸಾಮಾನ್ಯವೆನಿಸಿದ್ದು ಅಪರೂಪವಾಗುವುದು ಹೇಗೆಂಬುದನ್ನು ಗುಬ್ಬಚ್ಚಿಯನ್ನು ಕಂಡು ಬೆಳೆದ ಬೆಂಗಳೂರಿಗರಿಗೆ ವಿವರಿಸಬೇಕಿಲ್ಲ.

ಕೇರೆ ದಾಟಿದ ದಾರಿ

ಕೆಲವು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ಕೆರೆಯ ಪಕ್ಕದ ದಾರಿಯಲ್ಲಿ ಜನ ಗುಂಪುಗೂಡಿದ್ದನ್ನು ಕಂಡು ನಾನೂ ನಿಂತೆ. ಆಳುದ್ದಕ್ಕೂ ಮಿಕ್ಕಿದ ಹಾವೊಂದು ಹುಲ್ಲಿನಿಂದ ಹೊರಬಂದು ದಾರಿಯ ನಡುವೆ ನಿಂತಿತ್ತು. ಮುಂದೆ ಜನ, ಹಿಂದೆ ಜನ. ಅದಕ್ಕೆ ಎತ್ತ ಹೋಗಬೇಕೆಂದು ತಿಳಿಯದು. ಒಬ್ಬರು ಕಲ್ಲು ಹುಡುಕುತ್ತಿದ್ದರು. ಇನ್ನೊಬ್ಬರು ಮೊಬೈಲ್ ಹಿಡಿದು ಹತ್ತಿರ ಹೋಗುತ್ತಿದ್ದರು. ಅಷ್ಟರಲ್ಲಿ ಪಾತಿ ಮಾಡುತ್ತಿದ್ದ ಹಿರಿಯ ಮಾಲಿಯೊಬ್ಬರು ಗುದ್ದಲಿ ಕೆಳಗಿಟ್ಟು ಬಂದು, ‘ಕೇರೆ ಹಾವು ಸಾರ್, ಇಲಿ ಹಿಡಿಯೋದು. ಸ್ವಲ್ಪ ಜಾಗ ಬಿಡಿ, ಅದರ ಪಾಡಿಗೆ ಅದು ಹೋಗ್ತದೆ’ ಎಂದರು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಹಾವು ದಾರಿ ದಾಟಿತು. ಮಾಲಿ ಮತ್ತೆ ಗುದ್ದಲಿ ಎತ್ತಿಕೊಂಡರು. ನಗರದಲ್ಲಿ ವನ್ಯಜೀವಿ ಸಂರಕ್ಷಣೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಎರಡು ಹೆಜ್ಜೆ.

ಕೇರೆ ಹಾವಿಗೆ ವಿಷವಿಲ್ಲ. ಕೆರೆಯಲ್ಲಿ ಮೀನು ಕಪ್ಪೆ ಹಿಡಿಯುವ ನೀರುಹಾವಿಗೂ ಇಲ್ಲ. ಮಣ್ಣುಮುಕ್ಕ ಹಾವಿಗೆ ವಿಷವೂ ಇಲ್ಲ, ಎರಡು ತಲೆಯೂ ಇಲ್ಲ. ಆದರೂ ನಿಧಿ ತೋರಿಸುತ್ತದೆ, ಅದೃಷ್ಟ ತರುತ್ತದೆ ಎಂಬ ಮೂಢನಂಬಿಕೆಯಿಂದ ಅದನ್ನು ಲಕ್ಷಗಟ್ಟಲೆ ರೂಪಾಯಿಗೆ ಮಾರಲು ಹೊರಟವರು ಪೊಲೀಸರ ಕೈಗೆ ಸಿಕ್ಕಿಬೀಳುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹಾಗೆಂದು ಎಲ್ಲ ಹಾವೂ ಸಾಧು ಎಂದು ಹೇಳುವುದು ಬೇಜವಾಬ್ದಾರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕು ದೇಶದಲ್ಲಿ ಅತಿ ಹೆಚ್ಚು ಸಾವಿಗೆ ಕಾರಣವಾದವು. ಇವುಗಳಲ್ಲಿ ನಾಗರ ಮತ್ತು ಕೊಳಕುಮಂಡಲ ಬೆಂಗಳೂರಿನ ಬಡಾವಣೆಗಳಿಗೂ ಅಪರಿಚಿತವಲ್ಲ. ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58 ಸಾವಿರ ಮಂದಿ ಸಾಯುತ್ತಾರೆಂಬ ಅಂದಾಜಿದೆ. ಅವರಲ್ಲಿ ಬಹುಪಾಲು ಹೊಲಗದ್ದೆಗಳಲ್ಲಿ ದುಡಿಯುವ ಹಳ್ಳಿಯ ಬಡವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸರಿಯಾದ ಕ್ರಮ. ಕಚ್ಚಿದ ಜಾಗವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಅಲುಗಾಡಿಸದೆ, ಮಂತ್ರಿಸುವವರಲ್ಲಿ ಹೊತ್ತು ಕಳೆಯದೆ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಧಾವಿಸಬೇಕೆಂಬ ಮಾತು ಪ್ರತಿ ಮನೆಗೂ ತಲುಪಬೇಕು.

ಆದರೆ ಭಯಕ್ಕೆ ಪರಿಹಾರ ಕೊಲ್ಲುವುದಲ್ಲ, ಅರಿಯುವುದು. ನಗರದಲ್ಲಿ ಹಾವನ್ನು ಮನೆಯ ಬಾಗಿಲಿಗೆ ಕರೆತರುವುದು ಇಲಿ. ಇಲಿಯನ್ನು ಕರೆತರುವುದು ನಾವು ಮೂಲೆಯಲ್ಲಿ ಸುರಿದ ಕಸ. ಕೇರೆಯನ್ನು ಕೊಂದು ಕಸವನ್ನು ಉಳಿಸಿಕೊಂಡರೆ ಲಾಭ ಇಲಿಗೆ ಮಾತ್ರ. ಕಲ್ಲಿನ ನಾಗರಕ್ಕೆ ಹಾಲೆರೆದು ಜೀವಂತ ನಾಗರಕ್ಕೆ ದೊಣ್ಣೆ ಎತ್ತುವ ನಮ್ಮ ವೈರುಧ್ಯವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಎತ್ತಿ ತೋರಿದ್ದರು. ಲಾಲ್‌ಬಾಗಿನ ಸುತ್ತಮುತ್ತಲ ಅಶ್ವತ್ಥಕಟ್ಟೆಗಳಲ್ಲಿ ನಾಗರಕಲ್ಲುಗಳಿಗೆ ಕುಂಕುಮ ಇಂದಿಗೂ ತಪ್ಪಿಲ್ಲ. ವೈರುಧ್ಯವೂ ತಪ್ಪಿಲ್ಲ.

ಅಚ್ಚುಕಟ್ಟಿನ ಅಪಾಯ

ಹಾಗಾದರೆ ಈ ಜೀವಿಗಳಿಗೆ ಶತ್ರು ಯಾರು? ಬೇಟೆಗಾರನಲ್ಲ, ಕಳ್ಳಸಾಗಣೆದಾರನೂ ಮುಖ್ಯನಲ್ಲ. ನಗರದ ಉದ್ಯಾನಗಳಲ್ಲಿ ಇವುಗಳ ದೊಡ್ಡ ಶತ್ರು ನಮ್ಮ ಅಚ್ಚುಕಟ್ಟುತನ. ಉದ್ಯಾನವೆಂದರೆ ಗುಡಿಸಿದ ಅಂಗಳದಂತಿರಬೇಕೆಂಬ ನಮ್ಮ ಕಲ್ಪನೆ.

ಬಿದ್ದ ಎಲೆ ನಮಗೆ ಕಸ. ಹಾವುರಾಣಿಗೆ ಅದು ಚಾವಣಿ, ಕಪ್ಪೆಗೆ ತೇವದ ಹೊದಿಕೆ, ಇಬ್ಬರಿಗೂ ಹುಳುಹುಪ್ಪಟೆಗಳ ಉಗ್ರಾಣ. ಅದನ್ನು ದಿನವೂ ಗುಡಿಸಿ ತೆಗೆದರೆ ನೆಲ ಬೋಳಾಗಿ, ಒಣಗಿ, ಕಾಯುತ್ತದೆ. ಬಿದ್ದ ಮರದ ಕಾಂಡ ನಮಗೆ ಕುರೂಪ. ತಣ್ಣನೆಯ ಬಿಡಾರ ಹುಡುಕುವ ಬೇಸಿಗೆಯ ಕಪ್ಪೆಗೆ ಅದಕ್ಕಿಂತ ದೊಡ್ಡ ಆಸರೆಯಿಲ್ಲ. ಕೆರೆಯ ಇಳಿಜಾರು ದಂಡೆಯ ಮೇಲಿನ ಜೊಂಡು ನಮಗೆ ಕಳೆ. ಮೊಟ್ಟೆಯಿಡಲು ಬರುವ ಕಪ್ಪೆಗೆ, ಬಿಸಿಲು ಕಾಯಲು ಮೇಲೇರುವ ಆಮೆಗೆ ಅದೇ ಬಾಗಿಲು. ಅಭಿವೃದ್ಧಿಯ ಹೆಸರಿನಲ್ಲಿ ದಂಡೆಗೆ ಕಡಿದಾದ ಕಲ್ಲುಗೋಡೆ ಕಟ್ಟಿದಾಗ ಕೆರೆ ಬಟ್ಟಲಿನಂತೆ ಕಾಣುತ್ತದೆ. ನೀರಿನಿಂದ ನೆಲಕ್ಕೆ ಹತ್ತಬೇಕಾದ ಬೆರಳುಗಾತ್ರದ ಮರಿಗಪ್ಪೆಗೆ ಆ ಬಟ್ಟಲಿನ ಅಂಚು ಕೋಟೆಯ ಗೋಡೆ.

ಮಳೆನೀರಿನ ತಾತ್ಕಾಲಿಕ ಹೊಂಡಗಳದು ಇನ್ನೂ ಕಷ್ಟದ ಕಥೆ. ಕಿರುಬಾಯಿ ಕಪ್ಪೆಯಂಥ ಹಲವು ಜಾತಿಗಳಿಗೆ ದೊಡ್ಡ ಕೆರೆ ಬೇಕಿಲ್ಲ. ಕೆರೆಯಲ್ಲಿ ಮರಿಗಳನ್ನು ತಿನ್ನುವ ಮೀನುಗಳಿರುತ್ತವೆ. ಕೆಲವು ವಾರ ನೀರು ನಿಲ್ಲುವ ಗುಂಡಿಯೇ ಅವಕ್ಕೆ ಸುರಕ್ಷಿತ ತೊಟ್ಟಿಲು. ಆದರೆ ಡೆಂಗೆಯ ಭಯದಲ್ಲಿ ನಿಂತ ನೀರನ್ನೆಲ್ಲ ಮುಚ್ಚುವುದು, ಇಲ್ಲವೇ ಔಷಧ ಸಿಂಪಡಿಸುವುದು ನಗರದ ವಾಡಿಕೆ. ಡೆಂಗೆಯ ಭಯ ಸುಳ್ಳಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಬೆಳೆಯುವುದು ಮನೆಯ ಡ್ರಮ್ಮು, ಹೂಕುಂಡದ ತಟ್ಟೆ, ಹಳೆಯ ಟೈರು, ಮುಚ್ಚಳವಿಲ್ಲದ ತೊಟ್ಟಿಗಳಲ್ಲಿ. ಕಪ್ಪೆಯ ಮರಿಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರ ಜೀರುಂಡೆಗಳು ತುಂಬಿದ ಹುಲ್ಲುಗಾವಲಿನ ಹೊಂಡವನ್ನೂ ತಾರಸಿಯ ಮೇಲಿನ ಟೈರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಜ್ಞಾನವಲ್ಲ.

ರಾತ್ರಿಯಿಡೀ ಉರಿಯುವ ದೀಪಗಳದು ಮತ್ತೊಂದು ಸಮಸ್ಯೆ. ದೀಪದ ಕಂಬದ ಕೆಳಗೆ ಕುಳಿತು ಉದುರುವ ಹುಳುಗಳನ್ನು ಮುಕ್ಕುವ ನೆಲಗಪ್ಪೆಗೆ ಅದು ಹಬ್ಬವೆನಿಸಬಹುದು. ಕತ್ತಲನ್ನೇ ನಂಬಿ ಕೂಗುವ, ಕೂಡುವ, ಮೊಟ್ಟೆಯಿಡುವ ಇತರ ಜೀವಿಗಳಿಗೆ ಮಾತ್ರ ಹಗಲು ಮುಗಿಯುವುದೇ ಇಲ್ಲ.

ಕೊನೆಯದಾಗಿ ನಮ್ಮ ಕರುಣೆಯೂ ಕೆಲವೊಮ್ಮೆ ಕೇಡು ತರುತ್ತದೆ. ನಾಣ್ಯದಷ್ಟಗಲವಿದ್ದಾಗ ಮುದ್ದೆನಿಸಿದ ಕೆಂಪುಕಿವಿ ಆಮೆಯನ್ನು ಅಂಗಡಿಯಿಂದ ತಂದು ಸಾಕುವವರಿದ್ದಾರೆ. ಅದು ತಟ್ಟೆಯಷ್ಟು ಬೆಳೆದು ತೊಟ್ಟಿ ಸಾಲದಾದಾಗ ಪುಣ್ಯಕ್ಕೆಂದು ಕೆರೆಗೆ ಬಿಡುತ್ತಾರೆ. ಅಮೆರಿಕ ಮೂಲದ ಈ ಆಮೆ ಜಗತ್ತಿನ ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಕೆರೆಗಳ ಕೆಸರಿನಲ್ಲಿ ಹುದುಗಿ ಬೇಸಿಗೆ ಕಳೆಯುವ ಮೃದುಚಿಪ್ಪಿನ ಆಮೆಗೆ ಇದು ಆಹಾರದಲ್ಲೂ ಬಿಸಿಲು ಕಾಯುವ ಜಾಗದಲ್ಲೂ ಪೈಪೋಟಿಗೆ ನಿಲ್ಲಬಲ್ಲದು. ಕೆರೆಗೆ ಬಿಡುವ ಪುಣ್ಯ ಹೀಗೆ ಕೆರೆಗೇ ಪಾಪವಾಗುತ್ತದೆ.

ದ್ವೀಪವಾದ ತೋಟ

ಇಷ್ಟೆಲ್ಲ ಒತ್ತಿ ಹೇಳಲು ಕಾರಣವಿದೆ. ಒಂದು ಕಾಲಕ್ಕೆ ಲಾಲ್‌ಬಾಗ್ ಬೆಂಗಳೂರಿನ ಕೆರೆ, ತೋಪು, ಗದ್ದೆಗಳ ಹಸಿರು ಹಾಸಿನ ಒಂದು ತುಂಡಾಗಿತ್ತು. ಇಲ್ಲಿ ಒಂದು ವರ್ಷ ಕಪ್ಪೆ ಕಡಿಮೆಯಾದರೆ ಮಗ್ಗುಲ ಕೆರೆಯಿಂದ ಕಾಲುವೆ ಹಿಡಿದು ಬರುತ್ತಿತ್ತು. ಇಂದು ಆ ನೆರೆಹೊರೆಯೇ ಇಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ರಾಜಕಾಲುವೆಗಳು ಕಾಂಕ್ರೀಟಿನ ಚರಂಡಿಗಳಾದವು. ಹಕ್ಕಿ ಹಾರಿ ಬರಬಲ್ಲದು, ಚಿಟ್ಟೆ ಗಾಳಿಯಲ್ಲಿ ತೇಲಿ ಬರಬಲ್ಲದು. ಕಪ್ಪೆ ಡಬಲ್ ರೋಡ್ ದಾಟಿ ಬರಲಾರದು. ತೋಟ ಈಗ ದ್ವೀಪ. ದ್ವೀಪದಲ್ಲಿ ಒಮ್ಮೆ ಅಳಿದದ್ದು ತಾನಾಗಿ ಹಿಂದಿರುಗುವುದಿಲ್ಲ. ಹೀಗಾಗಿಯೇ ಒಳಗಿರುವುದನ್ನು ಉಳಿಸಿಕೊಳ್ಳುವ ಹೊಣೆ ಮೊದಲಿಗಿಂತ ಹೆಚ್ಚು.

ಈ ಹೊಣೆಗೆ ಕೋಟಿಗಳ ಯೋಜನೆ ಬೇಕಿಲ್ಲ. ತೋಟದ ಹತ್ತರಲ್ಲೊಂದು ಭಾಗವನ್ನಾದರೂ ಗುಡಿಸದೆ ಬಿಡುವ ನಿರ್ಧಾರ ಸಾಕು. ಅಲ್ಲಿ ಎಲೆ ಬೀಳಲಿ, ಕಾಂಡ ಕೊಳೆಯಲಿ, ಮಳೆನೀರು ನಿಲ್ಲಲಿ. ಅದು ನಿರ್ಲಕ್ಷ್ಯವಲ್ಲ, ಯೋಜನೆಯೇ ಎಂದು ಜನರಿಗೆ ತಿಳಿಸುವ ಫಲಕವಿರಲಿ. ಕೆರೆಯ ಒಂದು ಬದಿಯಲ್ಲಾದರೂ ಮಣ್ಣಿನ ಇಳಿಜಾರು ಮತ್ತು ಜೊಂಡು ಉಳಿಯಲಿ. ಬಂಡೆಯ ಸುತ್ತಲಿನ ನೆಲಕ್ಕೆ ಕಲ್ಲುಹಾಸು, ಕೀಟನಾಶಕ ಬೇಡ. ಗೇಟು ಮುಚ್ಚಿದ ಮೇಲೆ ಕಾವಲಿಗೆ ಬೇಕಾದಷ್ಟು ದೀಪ ಮಾತ್ರ ಉರಿಯಲಿ.

ಎಲ್ಲಕ್ಕೂ ಮೊದಲು ಎಣಿಕೆಯಾಗಬೇಕು. ಮುಂಗಾರಿಗೆ ಮುನ್ನ, ಮುಂಗಾರಿನಲ್ಲಿ, ಚಳಿಗಾಲದಲ್ಲಿ ಹೀಗೆ ವರ್ಷಕ್ಕೆ ಮೂರು ಬಾರಿ, ಹಗಲೂ ರಾತ್ರಿಯೂ, ಒಂದೇ ವಿಧಾನದಲ್ಲಿ ಕಪ್ಪೆ, ಓತಿ, ಹಾವು, ಆಮೆಗಳ ಗಣತಿ ನಡೆಯಬೇಕು. ಅದರ ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕು. ಕಪ್ಪೆಗಳನ್ನು ತೂಗುವುದು ಅಸಾಧ್ಯವೆಂದು ನಮ್ಮ ಗಾದೆ ಹೇಳುತ್ತದೆ. ಎಣಿಸುವುದು ಅಸಾಧ್ಯವಲ್ಲ. ಅವುಗಳ ಕೂಗನ್ನು ಧ್ವನಿಮುದ್ರಿಸಿಕೊಂಡು ಜಾತಿ ಗುರುತಿಸುವ ವಿಧಾನಗಳು ಈಗ ಕೈಗೆಟುಕುವಂತಿವೆ. ಪಕ್ಷಿವೀಕ್ಷಕರ ಪಡೆಯೇ ಇರುವ ಈ ನಗರದಲ್ಲಿ ಕಾಲೇಜು ವಿದ್ಯಾರ್ಥಿಗಳ ಕಪ್ಪೆ ಪಡೆಯೊಂದನ್ನು ಕಟ್ಟಲು ತೋಟಗಾರಿಕೆ ಇಲಾಖೆ ಮತ್ತು ಅರಣ್ಯ ಇಲಾಖೆ ಕೈಜೋಡಿಸಿದರೆ ಸಾಕು.

ಕಾನೂನಿನ ಬೆಂಬಲವೂ ಇದೆ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಲಾಲ್‌ಬಾಗಿನ ನೆಲಕ್ಕೆ ರಕ್ಷಣೆ ಕೊಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಾಗರ, ಕೇರೆ, ಉಡದಂಥ ಜೀವಿಗಳಿಗೆ ರಕ್ಷಣೆ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಇದೇ ನಗರದ ಜಿಕೆವಿಕೆ ಆವರಣ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿದೆ. ನೆಲಕ್ಕೊಂದು ಕಾಯ್ದೆ, ಜೀವಿಗೊಂದು ಕಾಯ್ದೆ ಇದೆ. ಆ ನೆಲದಲ್ಲಿ ಆ ಜೀವಿ ಬದುಕುವಂತೆ ನೋಡಿಕೊಳ್ಳುವ ದಿನನಿತ್ಯದ ವಿವೇಕವನ್ನು ಮಾತ್ರ ಯಾವ ಕಾಯ್ದೆಯೂ ತಂದುಕೊಡದು.

ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ ಕಾದಂಬರಿಯಲ್ಲಿ ಮಲೆನಾಡಿನ ಹಾರುವ ಓತಿಯೊಂದರ ಬೆನ್ನು ಹತ್ತಿದ ಜನರನ್ನು ಕಟ್ಟಿಕೊಟ್ಟರು. ಕನ್ನಡದ ಒಂದು ತಲೆಮಾರು ಓತಿಯತ್ತ ನೋಡುವ ರೀತಿಯೇ ಅದರಿಂದ ಬದಲಾಯಿತು. ಹಾರುವ ಓತಿಯನ್ನು ಕಾಣಲು ಘಟ್ಟದ ಕಾಡಿಗೆ ಹೋಗಬೇಕು. ದಂಡ ಹೊಡೆಯುವ ಓತಿಯನ್ನು ಕಾಣಲು ಸಿಟಿ ಬಸ್ಸು ಹಿಡಿದರೆ ಸಾಕು.

ನಾಳೆ ಬೆಳಿಗ್ಗೆ ಲಾಲ್‌ಬಾಗಿಗೆ ಹೋದಾಗ ಬಂಡೆಯ ಮೇಲೆ ಐದು ನಿಮಿಷ ಸುಮ್ಮನೆ ಕುಳಿತು ನೋಡಿ. ಮೊದಲು ಕಲ್ಲು ಮಾತ್ರ ಕಾಣುತ್ತದೆ. ಆಮೇಲೆ ಕಲ್ಲಿನ ಒಂದು ತುಣುಕು ತಲೆ ಎತ್ತುತ್ತದೆ. ಅದು ಹೆದರಿ ಬಿರುಕಿಗೆ ನುಗ್ಗುವ ಮೊದಲು ನಿಮ್ಮನ್ನೊಮ್ಮೆ ದಿಟ್ಟಿಸುತ್ತದೆ. ಆಗ ಮಾಡಬೇಕಾದದ್ದು ಹೆಚ್ಚೇನಿಲ್ಲ. ಆ ಮಾಲಿ ಹೇಳಿದಂತೆ, ಸ್ವಲ್ಪ ಜಾಗ ಬಿಟ್ಟರಾಯಿತು.